ಸೋತವರಿಗೆ ಬೆಲ್ಲನೀರು

ಪಡುನಾಡಿನಲ್ಲಿ ಪಣ ಕಟ್ಟಬೇಕಾದರೆ ಮೊದಲು ಮಲಗಬೇಕು. ಇದು ಕಾನೂನು. ಹಗ್ಗಜಗ್ಗಾಟದ ಯಾವ ತಂಡದ ಮೇಲೆ ಏನು ಕಟ್ಟುತ್ತೀರೆಂದು ಚೀಟಿಯಲ್ಲಿ ಬರೆದು ತೋರಿಸಿ, ಚಪ್ಪಲಿ ಹೊರಗೆ ಬಿಟ್ಟು, ಪಣದ ಕಚೇರಿಯ ಒಳಕೋಣೆಯಲ್ಲಿ ಹಾಸಿದ ಚಾಪೆಯ ಮೇಲೆ ಒಂದು ನಿದ್ದೆ ಮಾಡಬೇಕು. ಆ ನಿದ್ದೆಯಲ್ಲಿ ನೀವು ಸೋಲುತ್ತೀರಿ. ಎದ್ದು ಕಣ್ಣುಜ್ಜಿಕೊಂಡ ಮೇಲೂ ಕಟ್ಟುವ ಮನಸ್ಸಿದ್ದರೆ ಚೀಟಿಗೆ ಹೆಬ್ಬೆರಳು ಒತ್ತಬಹುದು. ಇಲ್ಲವಾದರೆ ಚೀಟಿ ಹರಿದು, ಚಪ್ಪಲಿ ಮೆಟ್ಟಿಕೊಂಡು ಮನೆಗೆ ಹೋಗಬಹುದು. ಯಾಕೆಂದು ಯಾರೂ ಕೇಳುವುದಿಲ್ಲ.

ಪಡುನಾಡು ಚಿಕ್ಕ ರಾಜ್ಯ. ಎಷ್ಟು ಚಿಕ್ಕದೆಂದರೆ, ಬೆಳಗಿನ ಚಹಾ ಕುಡಿದು ತೆಂಕಣ ಹೊಳೆಯ ಸೇತುವೆಯಲ್ಲಿ ಬಸ್ಸು ಹತ್ತಿದವರಿಗೆ ಬಡಗಣ ಹೊಳೆಯ ಸೇತುವೆಯಲ್ಲಿ ಇಳಿಯುವಾಗ ಇನ್ನೂ ಹಸಿವಾಗಿರುವುದಿಲ್ಲ. ರಾಜ್ಯವಾದ ಹೊಸತರಲ್ಲಿ ಅದಕ್ಕೆ ಇದ್ದ ಆಸ್ತಿಯೆಂದರೆ ಒಂದಿಷ್ಟು ಮೀನು, ಒಂದಿಷ್ಟು ಗೋಡಂಬಿ ಮತ್ತು ಹಗ್ಗಜಗ್ಗಾಟದ ಹುಚ್ಚು. ಎಂಟು ಜನ ಈ ಕಡೆ, ಎಂಟು ಜನ ಆ ಕಡೆ, ನಡುವೆ ಒಂದು ಹಗ್ಗ. ಅಷ್ಟಕ್ಕೇ ಊರೆಲ್ಲ ಕೆಲಸ ಬಿಟ್ಟು ಗದ್ದೆಗೆ ಇಳಿಯುತ್ತಿತ್ತು. ಸಾರಾಯಿ ಗಡಂಗಿನ ಹಿಂದೆ ಕದ್ದುಮುಚ್ಚಿ ಪಣ ಕಟ್ಟುವುದೂ ಮೊದಲಿನಿಂದ ಇತ್ತು, ಕಟ್ಟಿ ಮನೆಮಠ ಕಳೆದುಕೊಂಡವರೂ ಇದ್ದರು. ಹೇಗೂ ನಿಲ್ಲುವಂಥದ್ದಲ್ಲವೆಂದು ಸರ್ಕಾರ ಅದನ್ನು ಕಾನೂನಿನ ಒಳಗೆ ತಂದಿತು. ತರುವಾಗ ಈ ಚಾಪೆಯನ್ನೂ ತಂದಿತು. ನೆರೆಯ ರಾಜ್ಯದವರು ನಕ್ಕರು. ನಗಲಿ ಬಿಡಿ. ಅವರಲ್ಲಿ ಜನ ಕಳೆದುಕೊಂಡ ಮೇಲೆ ನಿದ್ದೆಗೆಡುತ್ತಾರೆ, ನಮ್ಮಲ್ಲಿ ಮೊದಲೇ ಮಲಗಿಸಿಬಿಡುತ್ತಾರೆ.

ಕೋಡಿಬೈಲಿನ ಪಣದ ಕಚೇರಿ ಇದ್ದದ್ದು ಹಳೆಯ ಹೆಂಚಿನ ಕಾರ್ಖಾನೆಯಲ್ಲಿ. ಭಟ್ಟಿ ಆರಿ ಎಷ್ಟೋ ವರ್ಷವಾಗಿದ್ದರೂ ಗೋಡೆಗಳಲ್ಲಿ ಇನ್ನೂ ಸುಟ್ಟ ಮಣ್ಣಿನ ವಾಸನೆ ಉಳಿದಿತ್ತು. ಎತ್ತರದ ಮಾಡಿನ ಗಾಜಿನ ಹೆಂಚುಗಳಿಂದ ಮಧ್ಯಾಹ್ನದ ಬಿಸಿಲು ಚೌಕ ಚೌಕವಾಗಿ ಇಳಿದು, ಹನ್ನೆರಡು ಚಾಪೆಗಳ ಮೇಲೆ ನಿಧಾನವಾಗಿ ಸರಿಯುತ್ತಿತ್ತು. ಪಡುವಣ ಕಿಟಕಿಯಿಂದ ಕಡಲ ಗಾಳಿ ಬರುತ್ತಿತ್ತು. ಅಲ್ಲಿ ಮಲಗಿದವರ ಉಸಿರು, ಹೊರಗಿನ ತೆರೆಯ ಸದ್ದು ಎರಡೂ ಒಂದೇ ಲಯಕ್ಕೆ ಬೀಳುವುದನ್ನು ಜಲಜಾಕ್ಷಿ ಆರು ವರ್ಷಗಳಿಂದ ಕೇಳುತ್ತಿದ್ದಳು. ಅವಳು ಆ ಕಚೇರಿಯ ಮೇಲ್ವಿಚಾರಕಿ. ವಯಸ್ಸು ನಲವತ್ತೊಂದು. ಇನ್ನೊಬ್ಬರ ನಿದ್ದೆ ಕಾಯುವುದು ಅವಳ ಸಂಬಳದ ಕೆಲಸ. ತಾನು ಮಾತ್ರ ಆ ಚಾಪೆಯ ಮೇಲೆ ಒಮ್ಮೆಯೂ ಮಲಗಿದವಳಲ್ಲ, ನೌಕರರು ಪಣ ಕಟ್ಟುವಂತಿರಲಿಲ್ಲ. ನೌಕರರ ಮನೆಯವರು ಕಟ್ಟಬಹುದಿತ್ತು. ಅದನ್ನೂ ತಡೆದರೆ ಈ ಚಿಕ್ಕ ರಾಜ್ಯದಲ್ಲಿ ಚಾಪೆಗೆ ಜನವೇ ಸಿಗುತ್ತಿರಲಿಲ್ಲ, ಎಲ್ಲರೂ ಎಲ್ಲರಿಗೂ ಏನಾದರೊಂದು ನೆಂಟರೇ.

ಯಂತ್ರಕ್ಕೆ ಕನಸು ಬರೆಯಲು ಬರುವುದಿಲ್ಲ. ಈ ಮಾತನ್ನು ಜಲಜಾಕ್ಷಿ ಹೊಸಬರಿಗೆಲ್ಲ ಹೇಳಿ ಹೇಳಿ ಬೇಸತ್ತಿದ್ದಳು. ಹಣೆಗೆ ಕಟ್ಟುವ ಹತ್ತಿಯ ಪಟ್ಟಿಯೊಳಗೆ ಹುಣಸೆಬೀಜದಷ್ಟು ದೊಡ್ಡ ಬಿಲ್ಲೆಗಳಿರುತ್ತವೆ. ಕಣ್ಣಿಗೆ ಜೊಂಪು ಹತ್ತುವಾಗ ದಿಂಬಿನೊಳಗಿನ ಸ್ಪೀಕರು ನೀವು ಬರೆದ ಪಣವನ್ನು ಮೆಲ್ಲಗೆ ಕಿವಿಗೆ ಹೇಳುತ್ತದೆ. ಆಗ ಆ ಬಿಲ್ಲೆಗಳು ಮಿದುಳಿನ ಒಂದು ಬಾಗಿಲು ತಟ್ಟುತ್ತವೆ, ಅದು ಕಳೆದುಕೊಂಡ ನೋವಿನ ಬಾಗಿಲು. ಒಳಗಿನಿಂದ ಏನು ಹೊರಬರುತ್ತದೆಂಬುದು ಮಲಗಿದವರ ಬದುಕಿಗೆ ಬಿಟ್ಟದ್ದು. ಜಲಜಾಕ್ಷಿಯ ಪರದೆಯ ಮೇಲೆ ಕಾಣುವುದು ಒಂದು ಕೆಂಪು ಗೆರೆ ಮಾತ್ರ. ಸ್ವಲ್ಪ ಹೊತ್ತಿನ ಮೇಲೆ ಬಿಲ್ಲೆಗಳು ಎರಡನೆಯ ಬಾಗಿಲು ತಟ್ಟುತ್ತವೆ. ಆಗ ಕೆಂಪು ಇಳಿದು ಹಸಿರು ಗೆರೆ ಏಳುತ್ತದೆ. ಅದು ಸಮಾಧಾನದ ಬಾಗಿಲು. ಪಣ ದೊಡ್ಡದಾದಷ್ಟು ಕೆಂಪು ಗೆರೆ ಉದ್ದ, ಕೆಂಪು ಉದ್ದವಾದಷ್ಟು ಹಸಿರೂ ಉದ್ದ. ಹಾಗೆ ಲೆಕ್ಕ ಹಾಕಿ ಕಟ್ಟಿದ್ದರು.

ಎರಡನೆಯ ಬಾಗಿಲು ಯಾಕೆ ಬಂತೆಂದರೆ ಅದಕ್ಕೆ ಪಡುನಾಡಿನ ಒಂದು ರೂಢಿಯೇ ಕಾರಣ. ಇಲ್ಲಿ ಹಗ್ಗ ಎಳೆದು ಸೋತವನು ತಾನಾಗಿ ಗದ್ದೆಯಿಂದ ಏಳುವ ಹಾಗಿಲ್ಲ. ಬಿದ್ದಲ್ಲೇ ಕೂತಿರಬೇಕು. ಅವನ ಮನೆಯವರು ಯಾರಾದರೂ ಹಿಂದಿನಿಂದ ಬಂದು, ಬೆನ್ನು ಮುಟ್ಟಿ, ಒಂದು ಲೋಟ ಬೆಲ್ಲನೀರು ಕೊಟ್ಟ ಮೇಲೆ ಏಳಬೇಕು. ಎದುರಿನಿಂದ ಬರಬಾರದು, ಸೋತ ಮುಖ ನೋಡಬಾರದು. ಕಾಯಿದೆ ಬರೆಯಲು ಕೂತವರೆಲ್ಲ ಇದೇ ನೆಲದಲ್ಲಿ ಹುಟ್ಟಿ ಬೆಳೆದವರು. ಕನಸಿನಲ್ಲಾದರೂ ಸರಿ, ಸೋತವನನ್ನು ಒಂಟಿಯಾಗಿ ಬಿಡುವುದಕ್ಕೆ ಅವರಿಗೆ ಮನಸ್ಸು ಬರಲಿಲ್ಲ. ಸೋತವರ ಬೆನ್ನು ಮುಟ್ಟಲು ಯಾರಾದರೂ ಬರಲೇಬೇಕೆಂದು ಮೊದಲ ಕಲಮಿನಲ್ಲೇ ಬರೆದರು. ಬೇರೆ ಯಾವ ನಾಡಿನವರೂ ಇಂಥ ತಪ್ಪು ಮಾಡುತ್ತಿರಲಿಲ್ಲವೇನೋ.

ತಪ್ಪೆಂದು ತಿಳಿಯಲು ಆರು ವರ್ಷ ಬೇಕಾಯಿತು. ಮೊದಲ ವರ್ಷ ನೂರಕ್ಕೆ ಅರವತ್ತು ಜನ ಎದ್ದ ಕೂಡಲೇ ಚೀಟಿ ಹರಿಯುತ್ತಿದ್ದರು. ಈಗ ಹತ್ತು ಜನ ಹರಿದರೆ ಹೆಚ್ಚು. ಏಳುವಾಗ ಎಲ್ಲರ ಮುಖದಲ್ಲೂ ತಣ್ಣೀರಿನಲ್ಲಿ ಮಿಂದು ಬಂದ ಕಳೆ. ಜಲಜಾಕ್ಷಿಗೆ ಇದು ವಿಚಿತ್ರವೆನಿಸಿದ್ದು ಒಣಮೀನು ಮಾರುವ ಅವ್ವಮ್ಮನ ಬರಿಗಿವಿ ಕಂಡ ದಿನ.

"ಕಿವಿಯದ್ದು ಎಲ್ಲಿ ಹೋಯ್ತು ಅವ್ವಮ್ಮ?"

"ಹೋದ ವಾರ ಕಟ್ಟಿದ್ದಲ್ಲಾ, ಹೋಯ್ತು," ಎಂದಳು ಅವ್ವಮ್ಮ, ಮೀನು ಮುಗಿಯಿತು ಎನ್ನುವಷ್ಟೇ ಸಲೀಸಾಗಿ. "ಚಿನ್ನ ಬರೆದ್ರೆ ನನ್ನ ಅಕ್ಕ ತುಂಬಾ ಹೊತ್ತು ಕೂತ್ಕೊಳ್ತಾಳೆ. ಸಣ್ಣದು ಬರೆದ್ರೆ ಬೆನ್ನು ಮುಟ್ಟಿ ಹೋಗಿಯೇ ಬಿಡ್ತಾಳೆ. ಅವಳಿಗೆ ಮೊದ್ಲೇ ಯಾವಾಗ್ಲೂ ಅರ್ಜೆಂಟು ಮಾರಾಯ್ತಿ."

"ಸುಮ್ನೆ ಮಲಗಿ ಚೀಟಿ ಹರೀಬಹುದಿತ್ತಲ್ಲ?"

"ಮೂರು ಸಲ ಹರಿದ್ರೆ ಆರು ತಿಂಗಳು ಚಾಪೆ ಇಲ್ಲ ಅಂತ ನೀವೇ ಬೋರ್ಡು ಹಾಕಿದ್ದೀರಲ್ಲ!"

ಅಕ್ಕ ತೀರಿಹೋಗಿ ಎಷ್ಟು ಕಾಲವಾಯಿತೆಂದು ಜಲಜಾಕ್ಷಿ ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ. ಅವಳ ಮನೆಯಲ್ಲೇ ಒಬ್ಬರಿದ್ದರು.

ಅವಳ ಅಪ್ಪ ತನಿಯಪ್ಪ ಒಂದು ಕಾಲದಲ್ಲಿ ಕೋಡಿಬೈಲು ತಂಡದ ಕೊನೆಯ ಆಳು. ಹಗ್ಗದ ತುದಿಯನ್ನು ಹೆಗಲ ಮೇಲಿಂದ ಸುತ್ತಿ, ಹಿಮ್ಮಡಿ ಮಣ್ಣಿಗೆ ಹೂತು, ಆಕಾಶ ನೋಡುತ್ತಾ ಮಲಗಿದ ಹಾಗೆ ಹಿಂದಕ್ಕೆ ವಾಲುವವರು. ಉಳಿದ ಏಳು ಜನ ಜಾರಿದರೂ ಅವರೊಬ್ಬರು ಹಿಡಿದು ನಿಲ್ಲುತ್ತಾರೆಂದು ಊರು ನಂಬಿತ್ತು. ನಂಬಿಕೆ ಇದ್ದಷ್ಟು ಗೆಲುವು ಇರಲಿಲ್ಲ ಅನ್ನುವುದು ಬೇರೆ ಮಾತು. ಇಪ್ಪತ್ತೆರಡು ವರ್ಷದ ಆಟದಲ್ಲಿ ಅವರು ಗೆದ್ದಿದ್ದಕ್ಕಿಂತ ಸೋತದ್ದೇ ಹೆಚ್ಚು. ಸೋತಾಗಲೆಲ್ಲ ಅವರ ಹೆಂಡತಿ ವಾರಿಜ ಹಿತ್ತಾಳೆ ಲೋಟ ಹಿಡಿದು ಗದ್ದೆಯ ಬದುವಿನಲ್ಲಿ ಬರುತ್ತಿದ್ದಳು. ಅವಳು ತೀರಿಹೋಗಿ ಒಂಬತ್ತು ವರ್ಷವಾಗಿತ್ತು.

ಆ ಬುಧವಾರ ಸಂಜೆ ಜಲಜಾಕ್ಷಿ ಮನೆಗೆ ಬಂದಾಗ ಅಪ್ಪ ಅಡುಗೆಮನೆಯಲ್ಲಿ ಏನೋ ಗುನುಗುತ್ತಾ ಬಂಗುಡೆ ಹುರಿಯುತ್ತಿದ್ದರು. ಮಧ್ಯಾಹ್ನ ಅವರು ಒಂಬತ್ತನೇ ಚಾಪೆಯಲ್ಲಿ ಮಲಗಿದ್ದನ್ನು ಅವಳೇ ಕಾದಿದ್ದಳು. ಹಸಿರು ಗೆರೆ ಹನ್ನೊಂದು ನಿಮಿಷ ಇತ್ತು.

"ಇವತ್ತು ಅವಳು ಆ ಕೆಂಪಂಚಿನ ಸೀರೆ ಉಟ್ಟಿದ್ಲು," ಎಂದರು ತನಿಯಪ್ಪ, ಮೀನು ಮಗುಚುತ್ತಾ. "ನಿನ್ನ ಶಾಲೆಯ ವಾರ್ಷಿಕೋತ್ಸವಕ್ಕೆ ಉಟ್ಟದ್ದು, ನೆನಪುಂಟಾ?"

"ಇಲ್ಲ."

"ಬೆಲ್ಲನೀರಿಗೆ ಶುಂಠಿ ಜಜ್ಜಿ ಹಾಕಿದ್ಲು. ಈಗಲೂ ಗಂಟಲಲ್ಲಿ ಖಾರ ಉಂಟು ಮಗಾ, ದೇವರಾಣೆಗೂ."

ಜಲಜಾಕ್ಷಿಗೆ ಅಸೂಯೆಯಾಯಿತು. ಅಪ್ಪನ ಮೇಲೆ ಅಸೂಯೆ ಪಡುವುದು ಸಣ್ಣತನವೆಂದು ಅವಳಿಗೆ ಗೊತ್ತಿತ್ತು, ಆದರೂ ಪಟ್ಟಳು. ದಿನವೂ ಹನ್ನೆರಡು ಜನರ ಹಣೆಗೆ ಪಟ್ಟಿ ಕಟ್ಟುವವಳು ತಾನು. ಅವ್ವಮ್ಮನಿಗೆ ಅಕ್ಕ ಸಿಗುತ್ತಾಳೆ, ಅಪ್ಪನಿಗೆ ಅಮ್ಮ ಸಿಗುತ್ತಾಳೆ. ತನಗೆ ಅಮ್ಮನ ಮುಖ ಫೋಟೊದಲ್ಲಿ ಇದ್ದಷ್ಟೇ ನೆನಪಿದೆ, ಫೋಟೊದ ಆಚೆಯದು ಮಾಸುತ್ತಾ ಬಂದಿದೆ.

ಊಟಕ್ಕೆ ಕೂತಾಗ ತನಿಯಪ್ಪ ಗಂಟಲು ಸರಿಮಾಡಿಕೊಂಡರು. "ಭಾನುವಾರ ಫೈನಲ್ ಅಲ್ವಾ? ನಾನು ಶನಿವಾರ ಮನೆ ಬರೀಬೇಕಂತ ಉಂಟು."

"ಯಾವ ಮನೆ?"

"ನಮಗೆ ಎಷ್ಟು ಮನೆ ಉಂಟು?"

ಜಲಜಾಕ್ಷಿಯ ಕೈಯ ತುತ್ತು ಕೈಯಲ್ಲೇ ಉಳಿಯಿತು. ಮನೆ ಬರೆದರೆ ಹಸಿರು ಗೆರೆ ನಲವತ್ತು ನಿಮಿಷ ಬರುತ್ತದೆಂದು ಅವಳಿಗೆ ಲೆಕ್ಕ ಬಾಯಿಪಾಠವಿತ್ತು. ಅಪ್ಪನ ಹೆಸರಿನಲ್ಲಿ ಆಗಲೇ ಎರಡು ಹರಿದ ಚೀಟಿ ಇರುವುದೂ ಗೊತ್ತಿತ್ತು. ಈ ಸಲ ಅವರು ಹೆಬ್ಬೆರಳು ಒತ್ತಿಯೇ ಒತ್ತುತ್ತಾರೆ.

"ಸೋತ್ರೆ ಎಲ್ಲಿ ಹೋಗುದು ಅಪ್ಪ? ನಾನೆಲ್ಲಿ ಹೋಗುದು?"

"ಗೆದ್ರೆ ಮನೆ ಇರ್ತದೆ. ಸೋತ್ರೆ..." ಅವರು ಗೋಡೆ, ಕಿಟಕಿ, ಮಾಡನ್ನೆಲ್ಲ ಒಮ್ಮೆ ನೋಡಿದರು. "ಹೇಗೂ ಅವಳು ಈ ಮನೆಯಲ್ಲಿ ಇಲ್ಲ. ಅಲ್ಲಿ ಇದ್ದಾಳೆ. ನಲವತ್ತು ನಿಮಿಷ ಅಂದ್ರೆ ಕಡಿಮೆಯಾ? ಒಂದು ಊಟ ಮಾಡಿ, ಎಲೆಯಡಿಕೆ ಹಾಕಿ, ಎರಡು ಮಾತಾಡ್ಬಹುದು."

ಅವಳು ಸಿಟ್ಟಿನಿಂದ ಎದ್ದು ಕೈ ತೊಳೆದಳು. ಇಲ್ಲಿ ಚೀಟಿ ತೆಗೆದುಕೊಳ್ಳದಿದ್ದರೆ ಬಸ್ಸು ಹತ್ತಿ ಇನ್ನೊಂದು ಕಚೇರಿಗೆ ಹೋಗುತ್ತಾರೆ. ರಾಜ್ಯ ಚಿಕ್ಕದು, ಬಸ್ಸಿಗೆ ಬರಗಾಲವಿಲ್ಲ.

ಮರುದಿನ ಡಾಕ್ಟರ್ ಪ್ರೆಸಿಲ್ಲಾ ಮಿನೇಜಸ್ ಕಚೇರಿಗೆ ಬಂದರು. ಹಣೆಪಟ್ಟಿ ಕಂಡುಹಿಡಿದವರು ಅವರೇ. ಬಿಳಿ ಕೂದಲು, ಕಾಟನ್ ಸೀರೆ, ಕಂಕುಳಲ್ಲಿ ಕೊಡೆ. ರಾಜಧಾನಿಯಿಂದ ಬಂದ ದೊಡ್ಡವರೆಂದು ಯಾರೂ ಹೇಳುವ ಹಾಗಿರಲಿಲ್ಲ. ಚಾಪೆಗಳ ನಡುವೆ ಮೆಲ್ಲಗೆ ನಡೆದು, ಮಲಗಿದವರ ಮುಖಗಳನ್ನು ಒಂದೊಂದಾಗಿ ನೋಡಿ, ಕಂಟ್ರೋಲ್ ಕೋಣೆಗೆ ಬಂದು ಕೂತರು.

"ಎಷ್ಟು ಚಂದ ಮಲಗಿದ್ದಾರೆ ನೋಡು," ಎಂದರು. "ಹೆದರಿಸ್ಲಿಕ್ಕೆ ಅಂತ ಕಟ್ಟಿದ್ದು ನಾನು. ನೋಡಿದ್ರೆ ಸೋಲಿಗೇ ರುಚಿ ಹತ್ತಿಸಿದ್ದೇನೆ. ಗೆಲ್ಲಲಿಕ್ಕೆ ಪಣ ಕಟ್ಟುವವರು ಈಗ ಯಾರೂ ಇಲ್ಲ ಜಲಜಾಕ್ಷಿ. ಬೆನ್ನು ಮುಟ್ಟಿಸಿಕೊಳ್ಳಲಿಕ್ಕೆ ಕಟ್ತಾರೆ."

"ಎಂತ ಮಾಡ್ತೀರಿ ಡಾಕ್ಟ್ರೇ?"

"ಎರಡನೇ ಬಾಗಿಲು ಮುಚ್ಚುದು. ಬರೀ ಕೆಂಪು, ಹಸಿರು ಇಲ್ಲ. ನಾಲ್ಕು ಕಚೇರಿಯ ಮೇಲ್ವಿಚಾರಕರೂ ಸಹಿ ಹಾಕಿದ್ರೆ ಮಾತ್ರ ಆಗ್ತದೆ. ಮೂರು ಆಗಿದೆ." ಅವರು ಚೀಲದಿಂದ ಒಂದು ಕಾಗದ ತೆಗೆದು ಮೇಜಿನ ಮೇಲಿಟ್ಟರು. "ನಿನ್ನದೊಂದು ಬಾಕಿ. ನಾಳೆ ಸಂಜೆಯೊಳಗೆ ಹಾಕಿದ್ರೆ ಶನಿವಾರದಿಂದ ಜಾರಿ. ಫೈನಲ್‌ಗೆ ಮೊದಲು ಆದ್ರೆ ಎಷ್ಟೋ ಮನೆ ಉಳೀತದೆ."

ಎಷ್ಟೋ ಮನೆಗಳಲ್ಲಿ ತನ್ನದೂ ಒಂದೆಂದು ಜಲಜಾಕ್ಷಿ ಹೇಳಲಿಲ್ಲ. ಸಹಿ ಹಾಕಿದರೆ ಮನೆ ಉಳಿದೀತು. ಅಮ್ಮ ಮಾತ್ರ ಇನ್ನೊಮ್ಮೆ ಸಾಯುತ್ತಾಳೆ, ಈ ಸಲ ಮಗಳ ಕೈಯಿಂದ. ಒಂಬತ್ತು ವರ್ಷದ ಹಿಂದೆ ಅಪ್ಪ ಹೇಗೆ ಕೂತಲ್ಲೇ ಕೂತಿದ್ದರೆಂಬುದು ಅವಳಿಗೆ ನೆನಪಿತ್ತು. ಗುನುಗಲು ಶುರುಮಾಡಿದ್ದೇ ಈ ಚಾಪೆಗೆ ಬಂದ ಮೇಲೆ.

"ಸಹಿಗೆ ಮೊದಲು ಮೇಲ್ವಿಚಾರಕರು ಒಂದು ಸಲ ಮಲಗಬೇಕು," ಎಂದರು ಪ್ರೆಸಿಲ್ಲಾ. "ನಾನೇ ಬರೆದ ನಿಯಮ. ಯಾವುದನ್ನು ಮುಚ್ತೇವೆ ಅಂತ ಗೊತ್ತಿಲ್ಲದೆ ಮುಚ್ಚಬಾರದು."

ಜಲಜಾಕ್ಷಿ ಕಾಗದವನ್ನು ಕೈಗೆತ್ತಿಕೊಂಡಳು. "ನನಗೂ ಯಾರಾದ್ರೂ ಬರ್ತಾರಾ?"

"ಎಲ್ಲರಿಗೂ ಬರ್ತಾರೆ. ನನಗೆ ಹಾಸ್ಟೆಲಿನ ಅಡಿಗೆಯ ಮರ್ಸಿಬಾಯಿ ಬಂದ್ಲು. ನಮ್ಮ ಅಮ್ಮ ಬರ್ತಾರೆ ಅಂತ ನಾನು ಕಾದದ್ದು." ಅವರು ನಕ್ಕರು. "ಮಿದುಳಿಗೆ ಮರ್ಯಾದೆ ಇಲ್ಲ. ಯಾರು ನಿಜವಾಗಿ ಬಂದಿದ್ರೋ ಅವರನ್ನೇ ಕರೀತದೆ."

ಶುಕ್ರವಾರ ಮಧ್ಯಾಹ್ನ ಕಚೇರಿಯ ಬಾಗಿಲು ಮುಚ್ಚಿ, ಪ್ರೆಸಿಲ್ಲಾ ಅವರೇ ಅವಳ ಹಣೆಗೆ ಪಟ್ಟಿ ಕಟ್ಟಿದರು. ಚೀಟಿಯ ಮೇಲೆ ಅವಳು 'ಮನೆ' ಎಂದು ಬರೆದಿದ್ದಳು. ಅಮ್ಮನಿಗೆ ಏನೇನು ಹೇಳಬೇಕೆಂದು ಬೆಳಗಿನಿಂದ ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದಳು. ಒಂಬತ್ತನೇ ಚಾಪೆಯನ್ನೇ ಆರಿಸಿಕೊಂಡಳು. ಗಾಜಿನ ಹೆಂಚಿನ ಬಿಸಿಲು ಪಾದದ ಮೇಲಿತ್ತು. ಕಡಲಿನ ಸದ್ದು ಹತ್ತಿರ ಬಂತು, ಇನ್ನೂ ಹತ್ತಿರ ಬಂತು, ಆಮೇಲೆ ಚಾಪೆಯ ಅಡಿಯಲ್ಲೇ ಕೇಳಿಸಿತು.

ಅವಳು ಗದ್ದೆಯಲ್ಲಿ ನಿಂತಿದ್ದಳು. ಕೈಯಲ್ಲಿ ಹಗ್ಗವಿತ್ತು. ಹಗ್ಗದ ಇನ್ನೊಂದು ತುದಿ ಕಡಲಿನೊಳಗೆ ಹೋಗಿತ್ತು, ಎಳೆಯುವವರು ಯಾರೆಂದು ಕಾಣುತ್ತಿರಲಿಲ್ಲ. ಗದ್ದೆಯ ನೀರಿನ ಮೇಲೆ ಬಿಸಿಲಿನ ಚೌಕಗಳು ತೇಲುತ್ತಿದ್ದವು. ಅವಳು ಹಿಮ್ಮಡಿ ಹೂತಳು, ಕಾಲು ಜಾರಿತು. ಮತ್ತೆ ಹೂತಳು, ಮತ್ತೆ ಜಾರಿತು. ಬೆನ್ನ ಹಿಂದೆ ಮನೆ ಇತ್ತು. ಮನೆಯೂ ಅವಳ ಜೊತೆಗೇ, ಸದ್ದಿಲ್ಲದೆ, ಮೆಲ್ಲಮೆಲ್ಲಗೆ ಮುಂದಕ್ಕೆ ಜಾರುತ್ತಿತ್ತು. ಅಡುಗೆಮನೆಯ ಕಿಟಕಿ ಅವಳನ್ನು ದಾಟಿ ಹೋಯಿತು. ಒಲೆಯ ಮೇಲಿನ ಬಂಗುಡೆಯ ವಾಸನೆ ದಾಟಿ ಹೋಯಿತು. ತೊಟ್ಟಿಲಿನ ಕೊಂಡಿ, ಗೋಡೆಯ ಕ್ಯಾಲೆಂಡರು, ಅಮ್ಮನ ಫೋಟೊ ಒಂದೊಂದಾಗಿ ದಾಟಿ ಕಡಲಿಗೆ ಇಳಿದವು. ಹಗ್ಗ ಕೈಯಿಂದ ತಪ್ಪಿತು. ಅವಳು ಕೆಸರಿನಲ್ಲಿ ಕೂತಳು. ಸುತ್ತ ಎಲ್ಲಿಯೂ ಏನೂ ಉಳಿದಿರಲಿಲ್ಲ, ನೀರಿನ ಮೇಲೆ ಬಿಸಿಲು ಮಾತ್ರ ಇತ್ತು. ಇಷ್ಟು ಒಂಟಿತನವನ್ನು ಜನ ದಿನಾ ಹೇಗೆ ತಾಳುತ್ತಾರಪ್ಪಾ ಎಂದು ಅವಳಿಗೆ ಅಳು ಬಂತು.

ಆಗ ಹಿಂದೆ ಕೆಸರಿನಲ್ಲಿ ಹೆಜ್ಜೆಯ ಸದ್ದಾಯಿತು. ಬೆನ್ನ ಮೇಲೆ ಒಂದು ಕೈ ಬಿತ್ತು.

ಕೈ ಒರಟಾಗಿತ್ತು. ಅಂಗೈಯ ಉದ್ದಕ್ಕೂ ಹಗ್ಗ ಉಜ್ಜಿ ಉಜ್ಜಿ ಗಟ್ಟಿಯಾದ ಚರ್ಮ. ಅವಳು ತಿರುಗಿದಳು. ಅಪ್ಪ ನಿಂತಿದ್ದರು, ಒಂದು ಸ್ಟೀಲು ಲೋಟ ಹಿಡಿದು, ಪಂಚೆ ಎತ್ತಿ ಕಟ್ಟಿ. ಜಲಜಾಕ್ಷಿ ಅವರ ಹೆಗಲ ಆಚೆ ನೋಡಿದಳು. ಅಮ್ಮ ಹಿಂದಿನಿಂದ ಬರುತ್ತಿರಬೇಕು. ಬದುವಿನ ಕೊನೆಯವರೆಗೂ ಕಣ್ಣು ಹಾಯಿಸಿದಳು. ಅಲ್ಲಿ ಯಾರೂ ಇರಲಿಲ್ಲ. ಅವಳು ಹುಡುಕುತ್ತಿರುವುದನ್ನು ಅಪ್ಪ ನೋಡಿದರು. ಲೋಟವನ್ನು ಇನ್ನಷ್ಟು ಮುಂದೆ ಹಿಡಿದು ಕಾದರು. ಕನಸಿನಲ್ಲೇ ಅವಳಿಗೆ ನೆನಪಾಯಿತು: ಹತ್ತನೇ ತರಗತಿಯಲ್ಲಿ ಫೇಲಾಗಿ ಹಿತ್ತಲಲ್ಲಿ ಕೂತಿದ್ದಾಗ ಬಂದವರು ಇವರು. ಗಂಡನ ಮನೆಯಿಂದ ಒಂದು ಸೂಟ್‌ಕೇಸು ಹಿಡಿದು ವಾಪಸು ಬಂದು ಬಸ್‌ಸ್ಟ್ಯಾಂಡಿನಲ್ಲಿ ಇಳಿಯಲಾಗದೆ ಕೂತಿದ್ದಾಗ ಹಿಂದಿನ ಬಾಗಿಲಿನಿಂದ ಬಸ್ಸು ಹತ್ತಿ ಬೆನ್ನು ಮುಟ್ಟಿದವರೂ ಇವರೇ. ಯಾಕೆ ಬಂದೆಯೆಂದು ಕೇಳದೆ, ಮುಖ ನೋಡದೆ, ಹಿಂದಿನಿಂದ ಬಂದಿದ್ದರು.

ಎದ್ದಾಗ ಕಿವಿಯೊಳಗೆ ಕಣ್ಣೀರು ತುಂಬಿತ್ತು. ಪ್ರೆಸಿಲ್ಲಾ ಮುಖ ತಿರುಗಿಸಿಕೊಂಡು ಕಿಟಕಿಯ ಹೊರಗೆ ನೋಡುತ್ತಿದ್ದರು. ಜಲಜಾಕ್ಷಿ ಪಟ್ಟಿ ಬಿಚ್ಚಿ, ಸೆರಗಿನಲ್ಲಿ ಮುಖ ಒರೆಸಿ, ಕಾಗದಕ್ಕೆ ಸಹಿ ಹಾಕಿದಳು.

ಸಂಜೆ ಅಪ್ಪನಿಗೆ ಹೇಳಿದಳು. ಮುಚ್ಚಿಡುವುದು ಅವಳಿಂದಾಗಲಿಲ್ಲ. "ನಾಳೆಯಿಂದ ಅಮ್ಮ ಬರುದಿಲ್ಲ ಅಪ್ಪ. ಬರೀ ಸೋಲು ಬರ್ತದೆ. ಸಹಿ ಹಾಕಿದ್ದು ನಾನೇ."

ತನಿಯಪ್ಪ ನಿಧಾನವಾಗಿ ಹೇಳಿದರು, "ನಿಮ್ಮ ಯಂತ್ರ ಅವಳನ್ನು ಕರ್ಕೊಂಡು ಬರ್ತಿತ್ತು ಅಂತ ನಿಂಗೆ ಯಾರು ಹೇಳಿದ್ದು? ಅವಳೇ ಬರ್ತಿದ್ದದ್ದು. ನೀವು ಬಾಗಿಲು ಮುಚ್ಚಿದ್ರೆ ಕಿಟಕಿಯಿಂದ ಬರ್ತಾಳೆ. ನಾಳೆ ನಾನು ಮನೆ ಬರೀತೇನೆ."

"ಅಪ್ಪ, ಬೇಡ. ನಾನು ಹೇಳುದು ಕೇಳಿ."

"ನಾನು ಕೊನೆಯ ಆಳು ಮಗಾ. ಹಗ್ಗ ಬಿಡುವ ಅಭ್ಯಾಸ ನನಗಿಲ್ಲ."

ಶನಿವಾರ ಹನ್ನೆರಡು ಚಾಪೆಗಳೂ ತುಂಬಿದ್ದವು. ಗೋಡೆಗೆ ಹೊಸ ನಿಯಮದ ಕಾಗದ ಅಂಟಿಸಿತ್ತು, ಓದಿದವರು ಯಾರೂ ಇರಲಿಲ್ಲ. ಮೂರನೆಯದರಲ್ಲಿ ಅವ್ವಮ್ಮ ಮಲಗಿದ್ದಳು, ಸ್ಕೂಟರ್ ಬರೆದು. ಒಂಬತ್ತನೆಯದರಲ್ಲಿ ತನಿಯಪ್ಪ. ಜಲಜಾಕ್ಷಿ ಅವರ ಹಣೆಗೆ ಪಟ್ಟಿ ಕಟ್ಟಿದಾಗ ಅವರು ಕಣ್ಣು ಮುಚ್ಚಿಯೇ ಮುಗುಳ್ನಕ್ಕರು. ಹೊಸ ಅಂಗಿ ಹಾಕಿಕೊಂಡು, ತಲೆ ಬಾಚಿಕೊಂಡು ಬಂದಿದ್ದರು. ಅದನ್ನು ನೋಡಿ ಅವಳಿಗೆ ತಡೆಯಲಾಗದಷ್ಟು ಸಂಕಟವಾಯಿತು.

ಕೆಂಪು ಗೆರೆಗಳು ಏಳತೊಡಗಿದವು. ಅಪ್ಪನದು ಎಲ್ಲರದಕ್ಕಿಂತ ಎತ್ತರಕ್ಕೆ ಏರಿ ಅಲ್ಲೇ ನಿಂತಿತು. ಐದು ನಿಮಿಷ. ಹತ್ತು ನಿಮಿಷ. ಹಸಿರು ಬರಬೇಕಾದ ಜಾಗದಲ್ಲಿ ಪರದೆ ಖಾಲಿಯಾಗಿತ್ತು. ಕಿಟಕಿಯಿಂದಲೂ ಯಾರೂ ಬರಲಿಲ್ಲ. ಅಪ್ಪನ ಬಲಗೈ ಚಾಪೆಯ ಮೇಲೆ ಮುಷ್ಟಿ ಕಟ್ಟಿ, ಬಿಚ್ಚಿ, ಮತ್ತೆ ಮುಷ್ಟಿ ಕಟ್ಟಿತು. ಮಲಗಿದವರನ್ನು ನಡುವೆ ಎಬ್ಬಿಸುವ ಹಾಗಿರಲಿಲ್ಲ, ನಿದ್ದೆ ಮುಗಿಯುವವರೆಗೆ ನೌಕರರು ಚಾಪೆ ಮುಟ್ಟುವ ಹಾಗಿರಲಿಲ್ಲ. ಎದ್ದ ಮೇಲೆ ಏನು ಮಾಡಬಾರದೆಂದು ಮಾತ್ರ ಯಾವ ಕಲಮಿನಲ್ಲೂ ಬರೆದಿರಲಿಲ್ಲ.

ಅವಳು ಎದ್ದು ಕಚೇರಿಯ ಚಹಾ ಮಾಡುವ ಮೂಲೆಗೆ ಓಡಿದಳು. ಅಲ್ಲಿ ಸಕ್ಕರೆ ಇತ್ತು, ಬೆಲ್ಲ ಇರಲಿಲ್ಲ. ರಸ್ತೆ ದಾಟಿ ಅಂಗಡಿಯಿಂದ ಒಂದು ಅಚ್ಚು ಬೆಲ್ಲ ತಂದಳು. ಹೂಜಿಯ ತಣ್ಣೀರಿಗೆ ಹಾಕಿ ಕೈಯಿಂದಲೇ ಹಿಸುಕಿ ಕರಗಿಸಿದಳು. ಅಳತೆ ನೋಡುವಷ್ಟು ವ್ಯವಧಾನವಿರಲಿಲ್ಲ. ಸ್ಟೀಲು ಲೋಟಕ್ಕೆ ಬಗ್ಗಿಸಿ, ಗೋಡೆಯ ಬದಿಯಿಂದ ಸುತ್ತಿಕೊಂಡು, ಒಂಬತ್ತನೇ ಚಾಪೆಯ ಹಿಂದೆ ಹೋಗಿ ನಿಂತಳು.

ತನಿಯಪ್ಪ ಎದ್ದು ಕೂತರು. ಮುಖ ಕಡಲ ಕಡೆಗಿತ್ತು, ಅವಳಿಗೆ ಕಾಣುತ್ತಿದ್ದದ್ದು ಬೆನ್ನು. ಇಪ್ಪತ್ತೆರಡು ವರ್ಷ ಎಂಟು ಜನರ ಭಾರ ತಡೆದ ಆ ಬೆನ್ನು ಈಗ ಬಗ್ಗಿ ಸಣ್ಣದಾಗಿತ್ತು. ಸೋತ ಆಟಗಾರನ ಹಾಗೆ ಅವರು ಕೂತೇ ಇದ್ದರು, ಏಳಲಿಲ್ಲ. ಜಲಜಾಕ್ಷಿ ಬಗ್ಗಿ ಅಂಗೈಯನ್ನು ಅವರ ಬೆನ್ನ ಮೇಲಿಟ್ಟಳು.

"ವಾರಿಜಾ?" ಎಂದರು ಅವರು.

ಹಿಂದಕ್ಕೆ ತಿರುಗಿದರು. ಮಗಳನ್ನು ನೋಡಿದರು. ಆಮೇಲೆ ಅವರ ಕಣ್ಣು ಅವಳ ಹೆಗಲ ಆಚೆ ಹೋಯಿತು, ಬಾಗಿಲಿನವರೆಗೂ ಹೋಗಿ ಹುಡುಕಿತು. ಅಲ್ಲಿ ಯಾರೂ ಇರಲಿಲ್ಲ. ಆ ನೋಟವನ್ನು ಜಲಜಾಕ್ಷಿ ಬಲ್ಲಳು. ನಿನ್ನೆ ಇದೇ ಚಾಪೆಯ ಮೇಲೆ ತಾನೂ ಹಾಗೆಯೇ ನೋಡಿದ್ದಳು. ಅಪ್ಪನ ಹಾಗೆಯೇ ಅವಳೂ ಲೋಟವನ್ನು ಇನ್ನಷ್ಟು ಮುಂದೆ ಹಿಡಿದು ಕಾದಳು.

ಬಿಸಿಲಿನ ಒಂದು ಚೌಕ ಅವರಿಬ್ಬರ ನಡುವಿನಿಂದ ಸರಿದು ಹೋಯಿತು. ತನಿಯಪ್ಪ ಲೋಟ ತೆಗೆದುಕೊಂಡರು. ಒಂದೇ ಉಸಿರಿಗೆ ಅರ್ಧ ಕುಡಿದರು.

"ಶುಂಠಿ ಹಾಕ್ಲಿಲ್ಲ," ಎಂದರು.

"ಇನ್ನೊಂದು ಸಲ ಹಾಕ್ತೇನೆ."

"ಬೆಲ್ಲ ಜಾಸ್ತಿ ಆಯ್ತು."

"ಹೌದು ಅಪ್ಪ."

ಅವರು ಉಳಿದದ್ದನ್ನೂ ಕುಡಿದರು. ಖಾಲಿ ಲೋಟವನ್ನು ತೊಡೆಯ ಮೇಲಿಟ್ಟುಕೊಂಡರು. "ಗದ್ದೆಯಲ್ಲಿ ತುಂಬಾ ಹೊತ್ತು ಕಾದೆ ಮಗಾ. ಕತ್ತಲೆ ಆಯ್ತು. ನಿಂಗೆ ಊಟ ಆಗ್ಲಿಲ್ಲ ಅಂತ ನೆನಪಾಯ್ತು, ಏಳಲಿಕ್ಕೆ ನೋಡಿದೆ, ಮನೆಗೆ ದಾರಿ ಸಿಗ್ಲಿಲ್ಲ." ಅಂಗಿಯ ಜೇಬಿನಿಂದ ಚೀಟಿ ತೆಗೆದರು. ಹೆಬ್ಬೆರಳು ಒತ್ತುವ ಚೌಕವನ್ನು ನೋಡಿದರು. ಆಮೇಲೆ ಅದನ್ನು ನಡುವಿನಲ್ಲಿ ಹರಿದು, ಎರಡೂ ತುಂಡನ್ನು ಲೋಟದೊಳಗೆ ಹಾಕಿದರು. "ಮನೆ ಇರ್ಲಿ. ಬೆಲ್ಲ ಇಡ್ಲಿಕ್ಕಾದ್ರೂ ಒಂದು ಜಾಗ ಬೇಕಲ್ಲ."

ಅಷ್ಟರಲ್ಲಿ ಮೂರನೇ ಚಾಪೆಯಲ್ಲಿ ಅವ್ವಮ್ಮ ಎದ್ದು ಕೂತಿದ್ದಳು. ಎರಡೂ ಕೈಯಿಂದ ಬರಿಗಿವಿ ಮುಚ್ಚಿಕೊಂಡು, ಸದ್ದು ಬಾರದ ಹಾಗೆ ಅಳುತ್ತಿದ್ದಳು. ಅವಳ ಆಚೆ ಇನ್ನೊಬ್ಬರು ಎದ್ದರು, ಅವರ ಆಚೆ ಮತ್ತೊಬ್ಬರು. ಎಲ್ಲರೂ ಕೂತಲ್ಲೇ ಕೂತಿದ್ದರು, ಬೆನ್ನು ಬಾಗಿಲ ಕಡೆಗೆ ಮಾಡಿ. ಯಾರೂ ಏಳಲಿಲ್ಲ. ಹೆಬ್ಬೆರಳು ಒತ್ತಲು ಯಾರ ಕೈಯೂ ಮೇಲೇಳಲಿಲ್ಲ.

ತನಿಯಪ್ಪ ಅವರನ್ನೆಲ್ಲ ಒಂದು ಸುತ್ತು ನೋಡಿದರು. ಮಂಡಿ ಹಿಡಿದುಕೊಂಡು ಎದ್ದರು.

"ಹೂಜಿಯಲ್ಲಿ ಇನ್ನೂ ಉಂಟಾ?"

"ಉಂಟು."

"ಹಾಗಾದ್ರೆ ತಾ. ನೀನು ಆ ಬದಿಯಿಂದ ಬಾ, ನಾನು ಈ ಬದಿಯಿಂದ ಬರ್ತೇನೆ," ಎಂದರು ಅಪ್ಪ, ಪಂಚೆ ಎತ್ತಿ ಕಟ್ಟುತ್ತಾ. "ಎದುರಿನಿಂದ ಹೋಗ್ಬೇಡ ಮತ್ತೆ. ಹಿಂದಿನಿಂದ ಹೋಗು."